ಥಿನ್ನರ್ ಇಲ್ಲದೆ ಹಳೆ ರೇಡಿಯೊದ ಟೇಪ್ ಅಂಟು ಬಿಡಿಸಿದ್ದು

ಹಳೆ ಟ್ರಾನ್ಸಿಸ್ಟರ್ ಅಂದರೆ ಬ್ಯಾಟರಿ ಮುಚ್ಚಳಕ್ಕೆ ಸೆಲ್ಲೊಟೇಪ್ ಸುತ್ತಿರಲೇಬೇಕು. 20–30 ವರ್ಷಕ್ಕೆ ಟೇಪ್ ತಾನೇ ಉದುರುತ್ತದೆ, ಅಂಟು ಮಾತ್ರ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿರುತ್ತದೆ. ಅದರೊಳಗೆ ವಿಜಯಪುರದ ಧೂಳು ಸೇರಿದರೆ ಸಾಕ್ಷಾತ್ ಉಸುಕಿನ ಕಾಗದ. “ಥಿನ್ನರ್ ಹಾಕಿ ಒರಸಿ ಬಿಡ್ರಿ, ಎಣ್ಣಿ-ಹಿಟ್ಟು ಹಚ್ಚಾಕ ಅದೇನು ರೊಟ್ಟೀನ?” ಅಂದವರೇ ಹೆಚ್ಚು. ಆದರೆ ಎಣ್ಣೆ ಹಚ್ಚಿ ಹಿಟ್ಟಿನಿಂದ ಹೊಸೆಯುವ ಈ ವಿಧಾನದಲ್ಲಿ 11 ಸೆಟ್ ಆದವು, ಒಂದರ ಹೊಳಪೂ ಹೋಗಿಲ್ಲ.

ಮೊದಲು ಕೆಟ್ಟ ಲೆಕ್ಕ. ಪಾಲಿಸ್ಟೈರೀನ್ (ಗಟ್ಟಿ, ಪೆಡಸು ಪ್ಲಾಸ್ಟಿಕ್) ಕ್ಯಾಬಿನೆಟ್, ಅಂದರೆ ರೇಡಿಯೊದ ಹೊರಕವಚದ ಮೇಲೆ ಥಿನ್ನರ್ ಬಿದ್ದರೆ ಅಂಟಿಗಿಂತ ಮೊದಲು ಪ್ಲಾಸ್ಟಿಕ್ಕೇ ಕರಗುತ್ತದೆ. ನನ್ನದೊಂದು ಬಿಳಿ ಸೆಟ್ಟಿನಲ್ಲಿ ಹೆಬ್ಬೆರಳ ಗುರುತು ಈಗಲೂ ಇದೆ. ಪೆಟ್ರೋಲ್‌ನಿಂದ ಅಂಟೇನೋ ಬಂತು, ಮರುದಿನ ಸ್ಕ್ರೂ ಕೂರುವ ಮೂಲೆಯಲ್ಲಿ ಜೇಡರ ಬಲೆಯಂಥ ಸೀಳು. ಕಿತ್ತಳೆ ವಾಸನೆಯ, ಸ್ಟಿಕ್ಕರ್ ಅಂಟು ಬಿಡಿಸುವ ಸ್ಪ್ರೇ ಡಬ್ಬಿಗೆ 350ರ ಆಸುಪಾಸು ಕೊಟ್ಟೆ. ಆ ಕಿತ್ತಳೆ ಎಣ್ಣೆ ಪಾಲಿಸ್ಟೈರೀನನ್ನು ಥಿನ್ನರ್‌ನಷ್ಟೇ ಸಲೀಸಾಗಿ ತಿನ್ನುತ್ತದೆ. ನೀಲಗಿರಿ ಎಣ್ಣೆಯದೂ ಅದೇ ಹಾಡು. ಎಲ್ಲ ಸೇರಿ ಎರಡು ಕ್ಯಾಬಿನೆಟ್, ಸುಮಾರು 1,800 ರೂಪಾಯಿ ನೀರಿಗೆ.

ಹಾಗಾಗಿ ನೋಡಬೇಕಾದ್ದು ಅಂಟನ್ನಲ್ಲ, ಪ್ಲಾಸ್ಟಿಕ್ಕನ್ನು. ಉಗುರಿನಿಂದ ಬಡಿದರೆ ‘ಟಣ್’ ಅಂದರೆ ಪಾಲಿಸ್ಟೈರೀನ್, ಮಂದವಾಗಿ ‘ಟಪ್’ ಅಂದರೆ ಬಹುಮಟ್ಟಿಗೆ ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್. ಯಾವ ದ್ರವವೇ ಆಗಲಿ, ಬ್ಯಾಟರಿ ಗೂಡಿನ ಒಳಗೆ ಒಂದು ಹನಿ ಬಿಟ್ಟು 5 ನಿಮಿಷ ಕಾಯಿರಿ. ಬೆರಳಿಗೆ ಜಿಗುಟು ಹತ್ತಿದರೆ ಆ ಬಾಟಲಿ ಮುಚ್ಚಿಡಿ.

ಟೇಪಿನ ತುಣುಕು ಉಳಿದಿದ್ದರೆ ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ, ಗೇಣು ದೂರದಿಂದ, ಅರ್ಧ ನಿಮಿಷ ಹಿಡಿಯುತ್ತೇನೆ. ಮುಂಗೈ ತಡೆಯದಷ್ಟು ಬಿಸಿಯಾದರೆ ಕ್ಯಾಬಿನೆಟ್ ಸೊಟ್ಟಗಾಗುವ ಭಯ. ಕೆರೆಯಲು ಐಸ್‌ಕ್ರೀಮ್ ಕಡ್ಡಿಯ ತುದಿಯನ್ನು ಓರೆಯಾಗಿ ಸವರಿಕೊಂಡರೆ ಸಾಕು. ಬ್ಲೇಡ್ ಬೇಡವೇ ಬೇಡ.

ಆಮೇಲೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಬಣ್ಣವಿಲ್ಲದ ಒಂದು ಎಣ್ಣೆ. 100 ಮಿಲಿಗೆ 70–80 ರೂಪಾಯಿ ಇರಬೇಕು. ಅರಳೆಯಲ್ಲಿ ನೆನೆಸಿ ಅಂಟಿನ ಮೇಲಷ್ಟೇ ಕೂರಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಳದಿ ಅಂಟಿಗೆ 2 ತಾಸು, ಕಂದು ಗಟ್ಟಿ ಅಂಟಿಗೆ 6–7 ತಾಸು, ನಡುವೆ ಎರಡು ಸಲ ಅರಳೆ ಬದಲಿಸಬೇಕು. ಬಿರುಕು, ಸ್ಕ್ರೂ ಕಂಬದ ಹತ್ತಿರ ಎಣ್ಣೆ ಹರಿಯಬಾರದು. ಪ್ಯಾರಾಫಿನ್‌ಗೆ ನಾನು ಇನ್ನೊಂದನ್ನೂ ಎರಡು ಹನಿ ಬೆರೆಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ಅದಿಲ್ಲದಿದ್ದರೂ ಕೆಲಸ ಆಗುತ್ತದೆ, ತಡವಾಗಿ.

ಮನೆಯಲ್ಲಿದೆಯಲ್ಲ ಅಂತ ಒಮ್ಮೆ ಕುಸುಬಿ ಎಣ್ಣೆ ಹಚ್ಚಿದ್ದೆ. ಅಂಟು ಮೆತ್ತಗಾಯಿತು, ನಿಜ. ಆದರೆ ಗ್ರಿಲ್ ಸಂದಿನಲ್ಲಿ ಉಳಿದ ಎಣ್ಣೆ ಗಾಳಿಗೆ ಒಣಗಿ ವಾರೊಪ್ಪತ್ತಿನಲ್ಲಿ ತಾನೇ ಅಂಟಾಗಿ ಕೂತಿತು! ಪ್ಯಾರಾಫಿನ್ ಹಾಗೆ ಒಣಗುವುದಿಲ್ಲ.

ಈಗ ಜ್ವಾಳದ ಹಿಟ್ಟು. ತೆಳು ಅರಿವೆಯಲ್ಲಿ ಸೋಸಿದ್ದು, ಎರಡು ಚಮಚ. ಮೆತ್ತಗಾದ ಅಂಟಿನ ಮೇಲೆ ಉದುರಿಸಿ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಹೊಸೆಯಿರಿ. ಹಿಟ್ಟು ಎಣ್ಣೆ ಕುಡಿದು, ಅಂಟು ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಮೊದಲ ಹಿಟ್ಟು ಕಪ್ಪಾಗುತ್ತದೆ. ಅದನ್ನೇ ತಿಕ್ಕುತ್ತ ಕೂತರೆ ಅದರಲ್ಲಿನ ಧೂಳೇ ಗೀರು ಹಾಕುತ್ತದೆ, ಝಾಡಿಸಿ ಹೊಸದು ಹಾಕಬೇಕು. ಸ್ಟೇಷನ್ ಹೆಸರಿರುವ ಡಯಲ್ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಆಗಿದ್ದರೆ ಹಿಟ್ಟೂ ಬೇಡ, ಟಾಲ್ಕಂ ಪೌಡರ್ ಸಾಕು.

ಕೊನೆಗೆ ಒಂದು ಚೊಂಬು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 2 ಹನಿ, ಹಿಂಡಿದ ಅರಿವೆಯಿಂದ ಒರೆಸುವುದು. ಮಸುಕು ಉಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಇಯರ್‌ಬಡ್‌ನಲ್ಲಿ, ಅದೂ ಅಚ್ಚಿನ ಅಕ್ಷರ ಮತ್ತು ಅಕ್ರಿಲಿಕ್ ಡಯಲ್ ಬಿಟ್ಟು. ಕೊರೊನಾ ಕಾಲದ ಸ್ಯಾನಿಟೈಸರ್ ಜೆಲ್ ಉಳಿದಿದೆ ಅಂತ ಅದನ್ನು ಹಚ್ಚಬೇಡಿ, ಅದರದೇ ಒಂದು ಪೊರೆ ಕೂರುತ್ತದೆ.

ಕಪ್ಪು ಇನ್ಸುಲೇಶನ್ ಟೇಪಿನ ಮಾತೇ ಬೇರೆ. ಆ ಟೇಪಿನ ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಎಣ್ಣೆ ಕ್ಯಾಬಿನೆಟ್ಟಿಗೇ ಇಳಿದಿರುತ್ತದೆ. ಅಂಟು ಹೋದರೂ ತಗ್ಗು ಉಳಿಯುತ್ತದೆ. ಅದಕ್ಕೆ 1500, ನಂತರ 2000 ನಂಬರಿನ ವಾಟರ್ ಪೇಪರ್ (ನೀರು ಹಚ್ಚಿ ತಿಕ್ಕುವ ಉಸುಕಿನ ಕಾಗದ), ಮೇಲೆ ಬ್ರಾಸೊ ಪಾಲಿಶ್. ಇದರಲ್ಲಿ ನನಗೆ ಪೂರ್ತಿ ಗೆಲುವು ಸಿಕ್ಕಿಲ್ಲ.

ಟೇಪ್ ಇದ್ದಲ್ಲಿ ಬೆಳ್ಳಗಿನ ಪಟ್ಟಿ ಕಂಡರೆ ಮತ್ತೆ ತಿಕ್ಕಬೇಡಿ. ಅದೇ ಮೂಲ ಬಣ್ಣ, ಹಳದಿಯಾದದ್ದು ಸುತ್ತಲಿನದು. ಆ ಹಳದಿ ಇಳಿಸಲು ಒಂದು ಎಬಿಎಸ್ ಹಿಂಬದಿ ಮುಚ್ಚಳಕ್ಕೆ 6% ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ತೆಳು ಹಾಳೆ ಸುತ್ತಿ, ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ 4 ತಾಸು ಇಟ್ಟೆ. ಹಳದಿ ಮುಕ್ಕಾಲು ಪಾಲು ಇಳಿಯಿತು. ಹಾಳೆ ಎದ್ದು ದ್ರವ ಆರಿದ ಕಡೆ ಮಾತ್ರ ಗೆರೆಗೆರೆ. ಕೈಗವಸು ಮರೆತಿದ್ದಕ್ಕೆ ಬೆರಳ ತುದಿಯೂ ಬೆಳ್ಳಗಾಗಿ ಸಂಜೆತನಕ ಚುರುಗುಟ್ಟಿತು.