ಇಪ್ಪತ್ತರಿಂದ ಎಂಟಕ್ಕೆ ಇಳಿದ ಮೇಲೆ

8×42 ದುರ್ಬೀನು (ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ) ಕೊರಳಿಗೆ ಹಾಕಿಕೊಂಡು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಹತ್ತಿದ ದಿನ ಗೆಳೆಯರು ನಕ್ಕರು. "ಇಪ್ಪತ್ತು ಇಟ್ಟುಕೊಂಡಿದ್ದವನು ಎಂಟಕ್ಕೆ ಇಳಿದೆಯಲ್ಲೋ ಮಾರಾಯ!" ಅಂದರು. ಈಗ ಅವರಲ್ಲಿ ಇಬ್ಬರು ಎಂಟರದ್ದೇ ಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ನನ್ನ ಮೊದಲನೆಯದು 20×50. 3,000 ಚಿಲ್ಲರೆ. ಅಂಗಡಿಯಲ್ಲಿ ನಿಂತು ಎದುರು ಬೀದಿಯ ಬೋರ್ಡು ಓದಿ ಖುಷಿಯಾಗಿ ತಂದೆ. ಅಲ್ಲಿ ಮೊಣಕೈ ಕೌಂಟರ್ ಮೇಲಿತ್ತು, ಗಾಳಿ ಇರಲಿಲ್ಲ. ನಮ್ಮ ಗುಡ್ಡದ ಗಾಳಿ ಗೊತ್ತಲ್ಲ, ಸುಮ್ನೆ ನಿಲ್ಲಿಸಿಲ್ಲ ಅಷ್ಟು ಗಾಳಿಯಂತ್ರ. ಹಕ್ಕಿಯ ಜೊತೆ ಕೈನಡುಕವೂ ಇಪ್ಪತ್ತು ಪಟ್ಟು ಆಯಿತು. ಸಾವಿರ ಮೀಟರ್ ದೂರದಲ್ಲಿ ಅದು ತೋರಿಸೋದು 55 ಮೀಟರ್ ಅಗಲ ಇರಬಹುದು, ಎಂಟರದ್ದು 130ರ ಹತ್ತಿರ. ಪಿಕಳಾರ ಪೊದೆ ಬದಲಿಸಿದರೆ ಮುಗೀತು, ಹುಡುಕುತ್ತಾ ಇರು.

ನಡುವೆ ಬಂದಿದ್ದು 12×50. ಕಿಲೋ ಹತ್ತಿರ ತೂಕ, ಕತ್ತು ನೋವು. 5,500ಕ್ಕೆ ತಂದು ಅರ್ಧಕ್ಕೆ ಮಾರಿದೆ. ಮನೆಯಲ್ಲಿ ಬೆಲೆ ಹೇಳಿಲ್ಲ, ಇವತ್ತಿಗೂ.

ಆಮೇಲೆ ಒಂದು ಹುಚ್ಚು ಪರೀಕ್ಷೆ. ಗೋಡೆಗೆ ದಿನಪತ್ರಿಕೆ ಅಂಟಿಸಿ ನಲವತ್ತು ಹೆಜ್ಜೆ ಹಿಂದೆ ಹೋದೆ. ಕೈಯಲ್ಲೇ ಹಿಡಿದರೆ ಎಂಟರಲ್ಲಿ ಉಪಶೀರ್ಷಿಕೆ ತನಕ ಓದಿದೆ. ಇಪ್ಪತ್ತರಲ್ಲೂ ಅಷ್ಟೇ, ಅದೂ ತಲೆ ಸುತ್ತು ಬರಿಸಿಕೊಂಡು. ಕಾಂಪೌಂಡಿಗೆ ಊರಿದಾಗ ಮಾತ್ರ ಇಪ್ಪತ್ತರಲ್ಲಿ ಸಣ್ಣಕ್ಷರದ ಸುದ್ದಿಯೂ ಸಿಕ್ಕಿತು. ಅಂದರೆ ಪವರ್ ಸುಳ್ಳಲ್ಲ, ಕೈ ಸುಳ್ಳು.

ಆದರೆ ಬಿಸಿಲಿಗೆ ಕಾದು ಅಲುಗುವ ಗಾಳಿಗೆ ಯಾವ ಊರುಗೋಲೂ ಇಲ್ಲ. ಸೂಳೆಕೆರೆಯಲ್ಲಿ ಬೆಳಿಗ್ಗೆ ಏಳಕ್ಕೆ ಚೊಕ್ಕವಾಗಿ ಕಂಡ ಬಾತುಗಳು ಹನ್ನೊಂದಕ್ಕೆ ಕುದಿಯೋ ಎಣ್ಣೆಯಲ್ಲಿದ್ದಂತೆ ಅಲುಗಿದವು. ಟ್ರೈಪಾಡಿಗೆ ಹಾಕಿದರೆ ಆ ಅಲುಗಾಟವೇ ಇನ್ನೂ ದೊಡ್ಡದಾಗಿ ಕಂಡಿತು!

ಗೆಳೆಯರ ಬಾಯಿ ಮುಚ್ಚಿಸಿದ್ದು ಮಾತ್ರ ಒಂದು ಸಂಜೆ. ಆರೂವರೆ ದಾಟಿತ್ತು. ದೂರದ ಕಪ್ಪು ಮುದ್ದೆಯನ್ನು ಇಪ್ಪತ್ತರಲ್ಲಿ ನೋಡಿದವನು "ಬಂಡೆ ಕಣೋ" ಅಂದ. ಎಂಟರಲ್ಲಿ ಬಂಡೆ ಮೂತಿ ಎತ್ತಿತು. ಕರಡಿ! 50ನ್ನು 20ರಿಂದ ಭಾಗಿಸಿ, 42ನ್ನು 8ರಿಂದ ಭಾಗಿಸಿ. ದುರ್ಬೀನಿಂದ ಕಣ್ಣಿಗೆ ಬರುವ ಬೆಳಕಿನ ಅಗಲ ಅದು: ಎರಡೂವರೆ ಮಿಲಿಮೀಟರ್ ಎಲ್ಲಿ, ಐದರ ಮೇಲೆ ಎಲ್ಲಿ. ಮಬ್ಬಾದ ಮೇಲೆ ಕಣ್ಣಿಗೆ ಹೆಚ್ಚು ಬೆಳಕು ಕೊಡೋದು ಎಂಟರದ್ದೇ.

ಎಂಟಕ್ಕೆ ಹೆಚ್ಚುಕಮ್ಮಿ 11,000 ಬಿತ್ತು. ಹಿಡಿಯೋದು ಹೀಗೆ: ಮೊಣಕೈ ಪಕ್ಕೆಗೆ, ಎರಡು ಬೆರಳು ಟೋಪಿಯ ಅಂಚಿಗೆ. ಗಾಳಿ ಜಾಸ್ತಿ ಇದ್ದರೆ ಆಸರೆಗೆ ಒಂದು ಬಿದಿರು ಕೋಲು. ಕೋಲಿನ ತುದಿಗೆ ನಾನು ಏನು ಕಟ್ಟುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇಪ್ಪತ್ತರದ್ದು ಮಾರಿಲ್ಲ. ಬ್ರಾಕೆಟ್ಟಿಗೆ 400 ಕೊಟ್ಟು ತಾರಸಿ ಮೇಲೆ ಟ್ರೈಪಾಡಿಗೆ ಸಿಕ್ಕಿಸಿದ್ದೇನೆ. ಗುರುಗ್ರಹದ ಪಕ್ಕದ ಚಂದ್ರರನ್ನು ಮಗಳು ಎಣಿಸುತ್ತಾಳೆ. ಒಂದಿನ ನಾಲ್ಕು, ಒಂದಿನ ಮೂರು. ಕಮ್ಮಿಯಾದ ದಿನ ನನ್ನ ದುರ್ಬೀನಿಗೇ ಬೈಯುತ್ತಾಳೆ.