ತೋಟದ ಪಟ್ಟಿ ಕಂಪ್ಯೂಟರಿನಲ್ಲಿ: ಐದಾರು ಕೀ, ಒಂದು ಫೋಲ್ಡರ್

ಜೂನ್ ಬಂತೆಂದರೆ ಶಿರಸಿ ಸೀಮೆಯ ಅಡಿಕೆ ತೋಟದವರ ತಲೆಯಲ್ಲಿ ಉದ್ದದ ಪಟ್ಟಿಯೊಂದು ಓಡುತ್ತಿರುತ್ತದೆ. ಮೈಲುತುತ್ತ ತಂದಾಯಿತೇ? ಸುಣ್ಣ ಎಷ್ಟಿದೆ? ಕೊಳೆ ರೋಗದ ಮದ್ದು ಹೊಡೆಯುವವರು ಯಾವತ್ತು ಬರುತ್ತಾರೆ? ಮಳೆ ಎರಡು ದಿನ ಹೊಳವಾದೀತೇ? ಒಂದು ಕೆಲಸದ ಹೊಟ್ಟೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು. ಇಂಥ ಪಟ್ಟಿ ಬರೆಯಲಿಕ್ಕೆಂದೇ ಔಟ್‌ಲೈನರ್ ಎಂಬ ಬಗೆಯ ಆ್ಯಪ್‌ಗಳಿವೆ. ಸಾಲಿನ ಕೆಳಗೆ ಮರಿ ಸಾಲು ಬರೆಯಬಹುದು. ಬೇಡವಾದಾಗ ಮಡಚಿ, ಬೇಕಾದಾಗ ಬಿಚ್ಚಬಹುದು.

ಯೋಚನೆ ಹೊಸದಲ್ಲ. 1968ರ ಡಿಸೆಂಬರಿನಲ್ಲಿ ಅಮೆರಿಕದ ಇಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ಜನರಿಗೆ ತೋರಿಸಿದರು. ಆಗ ಅವರು ಉದಾಹರಣೆಗೆ ಎತ್ತಿಕೊಂಡಿದ್ದು ಮನೆಗೆ ತರಬೇಕಾದ ಸಾಮಾನಿನ ಪಟ್ಟಿಯನ್ನೇ.

ಇಂದು ವರ್ಕ್‌ಫ್ಲೋವಿ, ಡೈನಾಲಿಸ್ಟ್, ಲಾಗ್‌ಸೀಕ್ ಹೀಗೆ ಹಲವು ಆ್ಯಪ್‌ಗಳಿವೆ. ನಮ್ಮ ಕಡೆಯವರಿಗೆ ನಾನು ಹೇಳುವುದು ಲಾಗ್‌ಸೀಕ್. ಅದು ಉಚಿತ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಬರೆದಿದ್ದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದರಲ್ಲೀಗ ಡೇಟಾಬೇಸ್ ಬಳಸುವ ಬೇರೆ ಆವೃತ್ತಿಯೂ ಇದೆ. ಇಲ್ಲಿ ಹೇಳುತ್ತಿರುವುದು ಫೈಲ್‌ಗಳಲ್ಲಿ ಉಳಿಸುವ ಆವೃತ್ತಿಯ ಬಗ್ಗೆ, ಅದೂ ವಿಂಡೋಸ್ ಕಂಪ್ಯೂಟರಿನಲ್ಲಿ.

ಮೊದಲು ಎಂಟರ್ ಮತ್ತು ಟ್ಯಾಬ್

ಈ ಪಟ್ಟಿಯನ್ನು ಬರೆದು ನೋಡಿ:

- ಮೊದಲ ಮದ್ದು
  - ಸಾಮಾನು
    - ಮೈಲುತುತ್ತ 1 ಕೆ.ಜಿ.
    - ಸುಣ್ಣ 1 ಕೆ.ಜಿ.
    - ನೀರು 100 ಲೀಟರ್
  - ಆಳು

‘ಮೊದಲ ಮದ್ದು’ ಎಂದು ಬರೆದು ಎಂಟರ್ ಒತ್ತಿ. ಹೊಸ ಸಾಲು ಬರುತ್ತದೆ. ಈಗ ಟ್ಯಾಬ್ ಒತ್ತಿದರೆ ಅದು ಒಳಕ್ಕೆ ಸರಿದು ಮರಿ ಸಾಲಾಗುತ್ತದೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ವಾಪಸು ಹೊರಕ್ಕೆ. ಮುಕ್ಕಾಲು ಕೆಲಸ ಈ ಮೂರರಲ್ಲೇ ಮುಗಿಯುತ್ತದೆ.

ಹೊಸಬರು ಎಡವುವುದು ಎಂಟರ್‌ನಲ್ಲಿ. ಕರ್ಸರ್ ಎಲ್ಲಿದೆ ಎಂಬುದರ ಮೇಲೆ ಅದರ ಕೆಲಸ ಬದಲಾಗುತ್ತದೆ. ಸಾಲಿನ ಕೊನೆಯಲ್ಲಿದ್ದರೆ ಹೊಸ ಸಾಲು. ನಡುವೆ ಇದ್ದರೆ ಸಾಲೇ ಎರಡು ತುಂಡು. ಶುರುವಿನಲ್ಲಿದ್ದರೆ ಮೇಲೊಂದು ಖಾಲಿ ಸಾಲು. ಇನ್ನೊಂದು ಸೂಕ್ಷ್ಮವಿದೆ. ‘ಸಾಮಾನು’ ಬಿಚ್ಚಿಕೊಂಡಿರುವಾಗ ಅದರ ಕೊನೆಯಲ್ಲಿ ಎಂಟರ್ ಒತ್ತಿದರೆ ಹೊಸ ಸಾಲು ಮೈಲುತುತ್ತದ ಮೇಲೆ, ಮರಿಯಾಗಿ ಹುಟ್ಟುತ್ತದೆ. ಅದೇ ಮಡಚಿಟ್ಟಿದ್ದರೆ ಕೆಳಗೆ, ‘ಸಾಮಾನು’ವಿಗೆ ಸಮನಾಗಿ ಬರುತ್ತದೆ. ಇದು ತಪ್ಪಲ್ಲ, ಹಾಗೇ ಮಾಡಿದ್ದಾರೆ. ಗೊತ್ತಿಲ್ಲದಿದ್ದರೆ ಮಾತ್ರ ಸುಮ್ನೆ ಗಾಬರಿ.

ಟ್ಯಾಬ್‌ಗೂ ಒಂದು ನಿಯಮವಿದೆ. ಮೇಲೆ ಸಮನಾದ ಸಾಲೊಂದು ಇದ್ದರೆ ಮಾತ್ರ ಅದರ ಮಡಿಲಿಗೆ ಹೋಗಬಹುದು. ಮೊದಲ ಮರಿ ಸಾಲಿನಲ್ಲಿ ಟ್ಯಾಬ್ ಎಷ್ಟು ಸಲ ಒತ್ತಿದರೂ ಅದು ಇನ್ನಷ್ಟು ಒಳಗೆ ಹೋಗುವುದಿಲ್ಲ. ಸರಿದ ಸಾಲಿನ ಮರಿಗಳೆಲ್ಲ ಅದರ ಜೊತೆಗೇ ಬರುತ್ತವೆ.

ಹೊರಕ್ಕೆ ತರುವಾಗ ಒಂದೊಂದು ಆ್ಯಪ್‌ದು ಒಂದೊಂದು ರೀತಿ. ಸುಣ್ಣದ ಸಾಲನ್ನು ಹೊರಕ್ಕೆ ತಂದಿರಿ ಎನ್ನಿ. ಅದರ ಕೆಳಗಿದ್ದ ನೀರಿನ ಸಾಲು ಯಾರ ಪಾಲಿಗೆ? ವರ್ಕ್‌ಫ್ಲೋವಿಯಲ್ಲಿ ಅದು ಹಳೆಯ ತಾಯಿ ‘ಸಾಮಾನು’ವಿನ ಬಳಿಯೇ ಉಳಿಯುತ್ತದೆ. ಲಾಗ್‌ಸೀಕ್‌ನಲ್ಲಿ ನೀವೇನೂ ಬದಲಿಸದಿದ್ದರೆ ನೀರು ಸುಣ್ಣದ ಮರಿಯಾಗುತ್ತದೆ. ನನಗೆ ವರ್ಕ್‌ಫ್ಲೋವಿಯ ರೀತಿಯೇ ಸರಿ ಎನಿಸುತ್ತದೆ. ಲಾಗ್‌ಸೀಕ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲಾಜಿಕಲ್ ಔಟ್‌ಡೆಂಟಿಂಗ್’ ಆನ್ ಮಾಡಿದರೆ ಅಲ್ಲೂ ಹಾಗೇ ಆಗುತ್ತದೆ.

ಉಳಿದವು ಬೇಗ ಬರುತ್ತವೆ. ಕಂಟ್ರೋಲ್ ಜೊತೆ ಮೇಲಿನ ಬಾಣ ಒತ್ತಿದರೆ ಮಡಚುತ್ತದೆ, ಕೆಳಗಿನ ಬಾಣ ಒತ್ತಿದರೆ ಬಿಚ್ಚುತ್ತದೆ. ಆಲ್ಟ್ ಜೊತೆ ಬಲ ಬಾಣ ಒತ್ತಿದರೆ ಆ ಸಾಲು ಮತ್ತು ಅದರ ಮರಿಗಳಷ್ಟೇ ಕಾಣುತ್ತವೆ. ಒಂದೇ ಸಾಲಿನೊಳಗೆ ಕೆಳಗಿಳಿಯಲು ಶಿಫ್ಟ್ ಮತ್ತು ಎಂಟರ್.

ಕನ್ನಡ ಟೈಪಿಂಗ್‌ನ ತೊಡಕು

ಸಾಲನ್ನು ಮರಿಗಳ ಸಮೇತ ಮೇಲೆ ಕೆಳಗೆ ಒಯ್ಯಲು ಆಲ್ಟ್, ಶಿಫ್ಟ್ ಎರಡನ್ನೂ ಹಿಡಿದು ಬಾಣ ಒತ್ತಬೇಕು. ಆದರೆ ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಸೇರಿದರೆ ಕನ್ನಡದಿಂದ ಇಂಗ್ಲಿಷಿಗೆ ಬದಲಾಗುವ ಸೂಚನೆಯೂ ಹೌದು. ಬಾಣ ಒತ್ತುವ ಮೊದಲೇ ಬೆರಳು ಎತ್ತಿದರೆ ಭಾಷೆ ಬದಲಾಗಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್‌ಗೆ ಹೋಗಿ, ಕೀಬೋರ್ಡ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಭಾಷೆ ಬದಲಿಸುವ ಆ ಹಾಟ್ ಕೀ ತೆಗೆದುಬಿಡಿ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿದರೆ ಸಾಕು.

ಬ್ಯಾಕ್‌ಸ್ಪೇಸ್ ಕೂಡ ಕಾಡುತ್ತದೆ. ‘ತ್ತ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಮೂರು: ತ, ಒತ್ತು ಕೊಡುವ ಗುರುತು, ಮತ್ತೆ ತ. ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಒಂದೊಂದನ್ನೇ ಅಳಿಸುತ್ತದೆ. ಬೇಸರವಾಗಿ ಒತ್ತಿ ಹಿಡಿದಿರೋ, ಸಾಲಿನ ಶುರು ದಾಟಿ ಮೇಲಿನ ಸಾಲಿಗೆ ಅಂಟಿಕೊಳ್ಳುತ್ತದೆ. ಹಾಗಾದರೆ ಕಂಟ್ರೋಲ್ ಮತ್ತು ಝಡ್ ಒತ್ತಿ, ಮೊದಲಿನಂತಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡುವವರು ಪದವನ್ನು ಸ್ಪೇಸ್ ಒತ್ತಿ ಆರಿಸಿಕೊಳ್ಳಿ, ಎಂಟರ್ ಅನ್ನು ಹೊಸ ಸಾಲಿಗೆ ಮಾತ್ರ ಇಟ್ಟುಕೊಳ್ಳಿ. ಫೋನಿನಲ್ಲಿ ಟ್ಯಾಬ್ ಇರುವುದಿಲ್ಲ. ಕೀಬೋರ್ಡಿನ ಮೇಲಿನ ಪಟ್ಟಿಯಲ್ಲಿ ಒಳಕ್ಕೆ, ಹೊರಕ್ಕೆ ಸರಿಸುವ ಬಟನ್‌ಗಳಿರುತ್ತವೆ.

ಬರೆದಿದ್ದು ಎಲ್ಲಿ ಹೋಯಿತು?

ನನ್ನ ಎರಡು ವರ್ಷದ ತೋಟದ ಲೆಕ್ಕ ಒಂದೇ ದಿನದಲ್ಲಿ ಹೋಯಿತು. ಫೋನಿನ ಒಂದು ಆ್ಯಪ್‌ನಲ್ಲಿ ಬರೆಯುತ್ತಿದ್ದೆ. ಸಂಕ ದಾಟುವಾಗ ಫೋನು ಹಳ್ಳಕ್ಕೆ ಬಿತ್ತು. ಆ ಆ್ಯಪ್ ಎಲ್ಲವನ್ನೂ ತನ್ನೊಳಗೇ ಇಟ್ಟುಕೊಂಡಿತ್ತು. ಬೇರೆ ಕಡೆ ಪ್ರತಿ ತೆಗೆದಿಡುವ ದಾರಿಯೇ ಅದರಲ್ಲಿರಲಿಲ್ಲ. ಯಾವ ವರ್ಷ ತೋಟದ ಯಾವ ಮೂಲೆಯಲ್ಲಿ ಕೊಳೆ ಜಾಸ್ತಿ ಬಂತು ಎಂಬುದೆಲ್ಲ ಅದರಲ್ಲಿತ್ತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ವರ್ಕ್‌ಫ್ಲೋವಿ, ಡೈನಾಲಿಸ್ಟ್‌ನಲ್ಲಿ ಬರೆದಿದ್ದು ಅವರ ಸರ್ವರಿಗೆ ಹೋಗುತ್ತದೆ. ಫೋನು ಹಾಳಾದರೂ ಬೇರೆ ಕಡೆ ಲಾಗಿನ್ ಆದರೆ ಸಿಗುತ್ತದೆ. ಅದು ದೊಡ್ಡ ಅನುಕೂಲವೇ. ಆದರೆ ನಿಮ್ಮ ಕೈಯಲ್ಲಿ ಫೈಲ್ ಇರುವುದಿಲ್ಲ, ನೀವೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು, ಅಂದರೆ ಫೈಲ್ ಆಗಿ ಹೊರತೆಗೆದುಕೊಳ್ಳಬೇಕು.

ಲಾಗ್‌ಸೀಕ್ ಮೊದಲ ಸಲ ತೆರೆದಾಗ ಒಂದು ಫೋಲ್ಡರ್ ಕೇಳುತ್ತದೆ. ‘ಡಾಕ್ಯುಮೆಂಟ್ಸ್’ ಒಳಗೆ ‘ತೋಟ’ ಎಂದು ಒಂದನ್ನು ಮಾಡಿ ಕೊಡಿ. ಅದರೊಳಗೆ ‘ಪೇಜಸ್’, ‘ಜರ್ನಲ್ಸ್’ ಎಂಬ ಫೋಲ್ಡರ್‌ಗಳು ಹುಟ್ಟುತ್ತವೆ. ದಿನಚರಿಯಲ್ಲಿ ಬರೆದಿದ್ದು ಜರ್ನಲ್ಸ್‌ನಲ್ಲಿ ದಿನಕ್ಕೊಂದು ಫೈಲ್ ಆಗಿ ಕೂರುತ್ತದೆ. ಇವು ಮಾರ್ಕ್‌ಡೌನ್ ಫೈಲ್‌ಗಳು, ಅಂದರೆ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಪ್ರತಿ ಸಾಲಿಗೆ ಒಂದು ಅಡ್ಡಗೆರೆ, ಮರಿ ಸಾಲಿನ ಮುಂದೆ ಟ್ಯಾಬ್‌ನಷ್ಟು ಜಾಗ. ಮಡಚಿಟ್ಟ ಸಾಲಿನ ಕೆಳಗೆ ‘ಇದು ಮಡಚಿದೆ’ ಎಂದು ಹೇಳುವ ಇಂಗ್ಲಿಷ್ ಸಾಲೊಂದು ಕಾಣುತ್ತದೆ. ಅದನ್ನು ನೀವು ಬರೆದಿಲ್ಲ, ಆ್ಯಪ್ ಬರೆದುಕೊಂಡಿದ್ದು.

ಜಾಗದ ಚಿಂತೆ ಬೇಡ. ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬರೆದ ಕನ್ನಡದ ಒಂದೊಂದು ಗುರುತಿಗೂ ಈ ಫೈಲ್‌ಗಳಲ್ಲಿ 3 ಬೈಟ್ ಬೇಕು, ‘ತ್ತ’ಗೆ 9. ಆದರೂ ವರ್ಷದ ಲೆಕ್ಕವೆಲ್ಲ ಸೇರಿ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟೂ ಆಗಲಾರದು.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟದ್ದನ್ನು ಮಾತ್ರ ಹಾಗೇ ತಂದು ಅಂಟಿಸಬೇಡಿ. ಆ ಫೈಲಿನಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ಬರೀ ಪಠ್ಯದಲ್ಲಿ ಫಾಂಟ್ ಉಳಿಯುವುದಿಲ್ಲ, ಅರ್ಥವಾಗದ ಚಿಹ್ನೆಗಳಷ್ಟೇ ಉಳಿಯುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ತನ್ನಿ.

ಒಂದೇ ಫೋಲ್ಡರನ್ನು ಎರಡು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕೇ? ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವಿದೆ. ಮಳೆಗೆ ನೆಟ್ ಹೋದರೂ ಮನೆಯ ವೈಫೈ ಇದ್ದರೆ ಅದು ಕೆಲಸ ಮಾಡುತ್ತದೆ. ಎರಡೂ ಕಡೆ ಒಂದೇ ಫೈಲನ್ನು ಒಟ್ಟಿಗೆ ತಿದ್ದಬೇಡಿ. ತಿದ್ದಿದರೆ ಎರಡು ಪ್ರತಿಗಳಾಗಿ ಕೂರುತ್ತವೆ, ಆಮೇಲೆ ಕೈಯಾರೆ ಕೂಡಿಸಬೇಕು.

ಕೊನೆಗೊಂದು ಪರೀಕ್ಷೆ. ಒಂದು ಪುಟವನ್ನು ಒಪಿಎಂಎಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. 2000ರಲ್ಲಿ ಅಮೆರಿಕದ ತಂತ್ರಾಂಶ ತಯಾರಕ ಡೇವ್ ವೈನರ್ ರೂಪಿಸಿದ ಈ ಬಗೆಯ ಫೈಲನ್ನು ಹೆಚ್ಚಿನ ಔಟ್‌ಲೈನರ್‌ಗಳು ಓದುತ್ತವೆ. ಅದನ್ನು ಬೇರೆ ಆ್ಯಪ್‌ನಲ್ಲಿ ತೆರೆದು, ಮೈಲುತುತ್ತ ‘ಸಾಮಾನು’ವಿನ ಕೆಳಗೇ ಇದೆಯೇ ನೋಡಿ. ಇದ್ದರೆ ನಾಳೆ ಆ್ಯಪ್ ಬದಲಿಸಿದರೂ ಪಟ್ಟಿ ನಿಮ್ಮ ಜೊತೆ ಬರುತ್ತದೆ.

ವಾರಕ್ಕೊಮ್ಮೆ ‘ತೋಟ’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಪೆನ್‌ಡ್ರೈವನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ.