ಕಾರ್ಖಾನೆ ನಡೆಸಿದವನು ಸರ್ಕಾರಿ ಶಾಲೆಗೆ ಹೋದಾಗ

ನಾನು ಮೇಷ್ಟ್ರಲ್ಲ. ಕಾರ್ಖಾನೆ, ಗೋದಾಮು, ಪಾಳಿ, ಬಿಲ್ಲು ಅಂತ ವರ್ಷಗಟ್ಟಲೆ ಓಡಾಡಿದವನು. ಒಂದಷ್ಟು ಸರ್ಕಾರಿ ಶಾಲೆಗಳ ಸುಧಾರಣೆಯ ಹೊಣೆ ಹೊತ್ತಾಗ ಎಲ್ಲರೂ ಕೇಳಿದ್ದು ಒಂದೇ: "ಶಾಲೆಯನ್ನೂ ಕಂಪನಿ ಥರ ನಡೆಸ್ತೀರಾ?" ಅವರ ಅನುಮಾನ ನ್ಯಾಯವಾದದ್ದೇ. ದುಡ್ಡಿರುವವರು ಬಂದು ಗುರಿ, ಪೈಪೋಟಿ, ಬೋನಸ್ ಅಂತ ಮಾತಾಡಿ ಹೋಗಿರುವುದನ್ನು ಶಿಕ್ಷಕರು ಸಾಕಷ್ಟು ನೋಡಿದ್ದಾರೆ.

ಹಾಗಾಗಿ ಶುರು ಮಾಡುವ ಮೊದಲು, ಬೇರೆ ಕಡೆ ಇಂಥ ಪ್ರಯತ್ನಗಳು ಎಲ್ಲಿ ಮುಗ್ಗರಿಸಿದವು ಅಂತ ಓದಿಕೊಂಡೆ. 2010ರಲ್ಲಿ ಮಾರ್ಕ್ ಜುಕರ್‌ಬರ್ಗ್ ಅಮೆರಿಕದ ನೆವಾರ್ಕ್ ಊರಿನ ಶಾಲೆಗಳಿಗೆ 10 ಕೋಟಿ ಡಾಲರ್ ಘೋಷಿಸಿದರು. ಘೋಷಣೆ ಆಗಿದ್ದು ಟಿವಿ ಕಾರ್ಯಕ್ರಮದಲ್ಲಿ. ಊರಿನ ಎಷ್ಟೋ ತಂದೆತಾಯಂದಿರಿಗೂ ಸುದ್ದಿ ಗೊತ್ತಾಗಿದ್ದು ಆಗಲೇ. ನಮ್ಮನ್ನು ಒಂದು ಮಾತು ಕೇಳಲಿಲ್ಲ ಅನ್ನೋ ಸಿಟ್ಟು ಕೊನೆಯವರೆಗೂ ತಣ್ಣಗಾಗಲಿಲ್ಲ. ಇನ್ನೊಂದು ಅಟ್ಲಾಂಟಾದ್ದು. ಅಲ್ಲಿ ಪರೀಕ್ಷೆಯ ಅಂಕ ಏರಿಸಲೇಬೇಕು ಅನ್ನೋ ಒತ್ತಡ ಎಷ್ಟಿತ್ತು ಅಂದರೆ, ಶಿಕ್ಷಕರೇ ಮಕ್ಕಳ ಉತ್ತರ ಅಳಿಸಿ ತಿದ್ದಿದರು. 2011ರ ತನಿಖಾ ವರದಿ ಪ್ರಕಾರ, ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಹೀಗಾಗಿತ್ತು, 178 ಜನ ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಅದರಲ್ಲಿ ಸೇರಿತ್ತು. ಆ ವರದಿ ಓದಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಯಿತು. ವ್ಯಾಪಾರದಿಂದ ಕಲಿತದ್ದನ್ನು ಶಿಕ್ಷಕರನ್ನು ಓಡಿಸೋಕೆ ಬಳಸಬಾರದು, ಅವರ ಕಾಲಿಗೆ ಸಿಕ್ಕಿಕೊಂಡಿರುವುದನ್ನು ಬಿಡಿಸೋಕೆ ಬಳಸಬೇಕು.

ಕಾರ್ಖಾನೆಯಲ್ಲಿ ಉತ್ಪಾದನೆ ಕಮ್ಮಿಯಾದರೆ ಮೊದಲು ಯಂತ್ರದ ಪಕ್ಕ ಹೋಗಿ ನಿಲ್ಲುತ್ತೇವೆ. ಶಾಲೆಯಲ್ಲೂ ಅದನ್ನೇ ಮಾಡಿದೆ. ಕೊನೆಯ ಬೆಂಚಲ್ಲಿ ಸುಮ್ನೆ ಕೂತು, ಪಾಠದ ಹೊತ್ತು ಎಲ್ಲಿ ಹೋಗ್ತಿದೆ ಅಂತ ಬರೆದುಕೊಂಡೆ. ಮೇಡಂ ಪಾಠ ಶುರು ಮಾಡ್ತಾರೆ, ಅಷ್ಟರಲ್ಲಿ ಯಾವುದೋ ಕಚೇರಿಯಿಂದ ಫೋನ್. ತರಗತಿಯ ಮಕ್ಕಳ ಸಂಖ್ಯೆ ಬೇಕಂತೆ. ಅದೇ ಸಂಖ್ಯೆಯನ್ನು ಬೇರೆ ನಮೂನೆಯಲ್ಲಿ ಇನ್ನೊಂದು ವಿಭಾಗಕ್ಕೆ ಆಗಲೇ ಕಳಿಸಿರ್ತಾರೆ. ಸಂಜೆ ಅದನ್ನೇ ಮತ್ತೆ ಆನ್‌ಲೈನ್‌ನಲ್ಲಿ ತುಂಬಬೇಕು. ಶಿಕ್ಷಕರು ಪಾಠ ಮಾಡಲ್ಲ ಅಂತ ದೂರುವವರು ಆ ಬೆಂಚಲ್ಲಿ ಒಂದು ಬೆಳಗ್ಗೆ ಕೂತು ನೋಡಬೇಕು.

ಕಂಪನಿಯಲ್ಲಾದರೆ ಇದನ್ನು ಒಂದೇ ವಾರದಲ್ಲಿ ಸರಿಮಾಡ್ತಿದ್ದೆ. ಸರ್ಕಾರದಲ್ಲಿ ಆಗಲ್ಲ, ಪ್ರತಿ ನಮೂನೆಯ ಹಿಂದೆ ಒಂದು ಆದೇಶ ಇರುತ್ತೆ. ನಾವು ಎಲ್ಲಾ ನಮೂನೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಎರಡೆರಡು ಸಲ ಕೇಳಿರುವ ಅಂಕಣಗಳಿಗೆ ಒಂದೇ ಬಣ್ಣ ಬಳಿದು ಅಧಿಕಾರಿಗಳಿಗೆ ತೋರಿಸಿದೆವು. ಭಾಷಣ ಮಾಡಲಿಲ್ಲ. ಬಣ್ಣ ನೋಡಿದ ಮೇಲೆ ಅವರೇ ಕೆಲವನ್ನು ಕೈಬಿಟ್ಟರು. ಉಳಿದ ಬರವಣಿಗೆಗೆ ಹಲವು ಶಾಲೆಗಳಿಗೆ ಸೇರಿ ಒಬ್ಬ ಗುಮಾಸ್ತರನ್ನು ನೇಮಿಸಿಕೊಂಡೆವು. ನಾವು ಮಾಡಿದ ಖರ್ಚಿನಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ ಅಂತ ಈಗಲೂ ಹೇಳ್ತೀನಿ. ಸ್ಮಾರ್ಟ್ ಬೋರ್ಡ್‌ಗೆ ದಾನಿಗಳು ಸಾಲುಗಟ್ಟಿ ನಿಲ್ಲುತ್ತಾರೆ, ಗುಮಾಸ್ತರ ಸಂಬಳಕ್ಕೆ ಯಾರೂ ಮುಂದೆ ಬರಲ್ಲ, ಯಾಕಂದ್ರೆ ಅದರ ಮೇಲೆ ಹೆಸರು ಕೆತ್ತಿಸೋಕೆ ಆಗಲ್ಲ ಅಲ್ವಾ.

ಹಣದ ಅಧಿಕಾರದ್ದೂ ಇಂಥದ್ದೇ ಕಥೆ. ಹುಡುಗಿಯರ ಶೌಚಾಲಯದ ನಲ್ಲಿ ಕೆಟ್ಟರೆ ಮುಖ್ಯ ಶಿಕ್ಷಕರು ಅರ್ಜಿ ಬರೆಯಬೇಕು, ಮೇಲಿನವರು ಒಪ್ಪಬೇಕು, ಆಮೇಲೆ ದರಪಟ್ಟಿ. ಅಷ್ಟು ದಿನ ದೊಡ್ಡ ಹುಡುಗಿಯರು ಮಧ್ಯಾಹ್ನದ ಮೇಲೆ ಮನೆಗೆ ಹೋಗಿಬಿಡ್ತಾರೆ. ನನ್ನ ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕನಿಗೂ ಇಷ್ಟರವರೆಗೆ ಕೇಳದೆ ಖರ್ಚು ಮಾಡಬಹುದು ಅಂತ ಒಂದು ಮಿತಿ ಇತ್ತು. ಅದೇ ಥರ ಪ್ರತಿ ಮುಖ್ಯ ಶಿಕ್ಷಕರ ಕೈಗೆ ಒಂದು ಸಣ್ಣ ಮೊತ್ತ ಕೊಟ್ಟೆವು. ಶರತ್ತು ಒಂದೇ: ಖರ್ಚಿನ ವಿವರ ಶಾಲೆಯ ಗೋಡೆಯ ಮೇಲೆ ಇರಬೇಕು, ತಂದೆತಾಯಂದಿರು ಯಾರು ಬೇಕಾದರೂ ಓದಿ ಪ್ರಶ್ನೆ ಕೇಳಬಹುದು. ಲೆಕ್ಕ ಪರಿಶೋಧಕರಿಗಿಂತ ಆ ಗೋಡೆಗೆ ಎಲ್ಲರೂ ಜಾಸ್ತಿ ಹೆದರಿದರು.

ಇನ್ನು ಕಲಿಕೆ. ಅಂಕಪಟ್ಟಿ ನೋಡಿದರೆ ಎಲ್ಲಾ ಚೆನ್ನಾಗಿತ್ತು. ಒಬ್ಬ ಹುಡುಗ ನನ್ನ ಮುಂದೆ ನಿಂತು ಪಾಠವನ್ನು ಗಡಗಡ ಓದಿದ, ಎಲ್ಲೂ ತಡವರಿಸಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕಿ ಪುಟದ ಮೇಲಿನ ಅರ್ಧಕ್ಕೆ ಕೈ ಅಡ್ಡ ಇಟ್ಟು, ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು ಮಗಾ?" ಅಂದರು. ಅವನಿಗೆ ಗೊತ್ತಾಗಲಿಲ್ಲ. ಇಡೀ ಪಾಠ ಬಾಯಿಪಾಠ ಆಗಿತ್ತು, ಅಕ್ಷರ ಹತ್ತಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಯಾಕಂದ್ರೆ ಆ ಹುಡುಗ ಇಷ್ಟು ದಿನ ಅದೆಷ್ಟು ಬುದ್ಧಿ ಖರ್ಚು ಮಾಡಿ ಅದನ್ನು ಮುಚ್ಚಿಟ್ಟಿದ್ದ ನೋಡಿ.

ಅವತ್ತಿಂದ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿ ನೋಡಿದೆವು: ಅಕ್ಷರ, ಪದ, ವಾಕ್ಯ, ಕಥೆ, ಯಾವ ಮಟ್ಟದಲ್ಲಿದೆ ಅಂತ. ಈ ದಾರಿ ನನ್ನದಲ್ಲ. 1995ರಲ್ಲಿ ಮುಂಬೈಯಲ್ಲಿ ಶುರುವಾದ ಪ್ರಥಮ್ ಸಂಸ್ಥೆ ಇದನ್ನು ಬೆಳೆಸಿದ್ದು. ತರಗತಿ ಯಾವುದೇ ಇರಲಿ, ದಿನದ ಸ್ವಲ್ಪ ಹೊತ್ತು ಮಕ್ಕಳನ್ನು ಅವರ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವುದು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಇದನ್ನು ಪರೀಕ್ಷೆಗೆ ಒಡ್ಡಿ, ಸರಿಯಾಗಿ ಮಾಡಿದರೆ ಫಲ ಕೊಡುತ್ತೆ ಅಂತ ತೋರಿಸಿದೆ. ನಾನು ಸೇರಿಸಿದ ನಿಯಮ ಒಂದೇ. ಈ ಮಟ್ಟದ ಪಟ್ಟಿ ಶಿಕ್ಷಕರ ಹತ್ತಿರವೇ ಇರುತ್ತೆ. ಮೇಲಿನ ಕಚೇರಿಗೆ ಹೋಗಲ್ಲ, ಬಡ್ತಿಗೂ ಬಳಸಲ್ಲ, ಶಾಲೆ ಶಾಲೆಗಳ ಹೋಲಿಕೆಗೂ ಇಲ್ಲ. ಅಟ್ಲಾಂಟಾದ ಕಥೆ ಗೊತ್ತಿದ್ದ ಮೇಲೆ ಬೇರೆ ಥರ ಮಾಡೋಕೆ ಮನಸ್ಸು ಬರಲಿಲ್ಲ.

ಇದಕ್ಕೆ ನನ್ನ ವ್ಯಾಪಾರದ ಗೆಳೆಯರೇ ಜಾಸ್ತಿ ತಕರಾರು ಮಾಡಿದರು. ಅಳತೆ ಇದ್ದ ಮೇಲೆ ಅದಕ್ಕೆ ಸಂಬಳ ಜೋಡಿಸಿ ಅಂತ. ನಾನು ಎರಡು ಪ್ರಯೋಗ ಮುಂದಿಟ್ಟೆ. ಆಂಧ್ರದಲ್ಲಿ 2005ರಿಂದ ನಡೆದ ಅಧ್ಯಯನದಲ್ಲಿ ಶಿಕ್ಷಕರಿಗೆ ಬೋನಸ್ ಕೊಟ್ಟಾಗ ಮಕ್ಕಳ ಅಂಕ ಏರಿತ್ತು. ನ್ಯೂಯಾರ್ಕ್‌ನಲ್ಲಿ 2007ರಲ್ಲಿ ಶುರುಮಾಡಿದ ಬೋನಸ್ ಯೋಜನೆಯಿಂದ ಅಂಕ ಏರಲಿಲ್ಲ, ಅದನ್ನು ನಿಲ್ಲಿಸಿಬಿಟ್ಟರು. ಬೋನಸ್ ಕೆಲಸ ಮಾಡೋದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಮಗು ಎಲ್ಲಿ ಹಿಂದಿದೆ ಅಂತ ಶಿಕ್ಷಕಿ ಧೈರ್ಯವಾಗಿ ಹೇಳೋದು ನನಗೆ ಮುಖ್ಯ. ಸಂಬಳ ಅದಕ್ಕೆ ಕಟ್ಟಿದ ದಿನ ಆ ಮಾತು ನಿಂತುಹೋಗುತ್ತೆ.

ಈಗ ತಲೆನೋವು ವರ್ಗಾವಣೆಯದ್ದು. ಚೆನ್ನಾಗಿ ನಡೆಯುವ ಶಾಲೆಯ ಮುಖ್ಯ ಶಿಕ್ಷಕರು ಹೋದರೆ ಅರ್ಧ ಕೆಲಸ ಅವರ ಜೊತೆಗೇ ಹೋಗುತ್ತೆ. ಅದಕ್ಕೇ ಪ್ರತಿ ಶಾಲೆಯಲ್ಲೂ ಇಬ್ಬರು ಶಿಕ್ಷಕರು ಮತ್ತು ಒಬ್ಬ ತಾಯಿ ಈ ಓದಿಸಿ ನೋಡುವ ಕೆಲಸ, ಗೋಡೆಯ ಲೆಕ್ಕ ಎರಡನ್ನೂ ತಾವಾಗಿಯೇ ನಡೆಸುವ ಹಾಗೆ ತಯಾರು ಮಾಡ್ತಿದ್ದೇವೆ. ಕೆಲವು ಕಡೆ ನನ್ನನ್ನು ಕೇಳದೆಯೇ ನಡೀತಿದೆ, ಇನ್ನು ಕೆಲವು ಕಡೆ ನಾನು ಹೋದರೆ ಮಾತ್ರ ಪಟ್ಟಿ ಹೊರಗೆ ಬರುತ್ತೆ. ಮುಂದಿನ ವರ್ಷ ಪೂರ್ತಿ ಆ ಎರಡನೇ ಥರದ ಶಾಲೆಗಳಲ್ಲೇ ಇರ್ತೀನಿ.